ಹಂಡೆಯ ನೀರು ಕೊನೆಯವರಿಗೂ ಬಿಸಿಯಾಗಿರಲಿ

ನಿಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡುವವರು ಯಾರು? ಕಳೆದ ಚಳಿಗಾಲದಲ್ಲಿ ಹಳ್ಳಿಗಳಿಗೆ ಹೋದಾಗ ಈ ಪ್ರಶ್ನೆಯನ್ನು ನಾನು ಹಲವು ಮನೆಗಳಲ್ಲಿ ಕೇಳಿದೆನು. ಜಗುಲಿಯ ಮೇಲೆ ಕುಳಿತ ಯಜಮಾನರಿಗೆ ಉತ್ತರ ತಟ್ಟನೆ ಹೊಳೆಯಲಿಲ್ಲ. ಉತ್ತರ ಬಂದದ್ದು ಒಳಮನೆಯಿಂದ. ಹೆಚ್ಚಿನ ಕಡೆ ಅದು ಒಂದೇ ಆಗಿತ್ತು: ಮನೆಯ ಸೊಸೆ. ಕತ್ತಲಿರುವಾಗಲೇ ಎದ್ದು ಬಚ್ಚಲೊಲೆಗೆ ಉರಿ ಹಾಕುವವಳು ಅವಳು. ಹಿಂದಿನ ದಿನ ಸೌದೆ ಹೊತ್ತು ತಂದವಳೂ ಅವಳೇ. ಅವಳು ಬಚ್ಚಲಿಗೆ ಹೋಗುವ ಹೊತ್ತಿಗೆ ಹಂಡೆಯ ತಳದಲ್ಲಿ ಉಳಿದಿರುವುದು ಉಗುರುಬೆಚ್ಚಗಿನ ನಾಲ್ಕು ಚೊಂಬು ನೀರು. ಮಿಂದೇ ಅಡಿಗೆಯ ಒಲೆ ಹಚ್ಚಬೇಕೆಂಬ ಪದ್ಧತಿಯಿರುವ ಮನೆಗಳಲ್ಲಿ ಅವಳ ಸ್ನಾನ ಮೊದಲು ಆಗುತ್ತದೆ, ನಿಜ. ಆದರೆ ಆಗಿನ್ನೂ ನೀರು ಕಾದಿರುವುದಿಲ್ಲವಾದ್ದರಿಂದ ಅದೂ ತಣ್ಣೀರಿನಲ್ಲಿಯೇ.

ನೀರು ಸಾಲಲಿಲ್ಲವೆಂದರೆ ಒಲೆಗೆ ಇನ್ನೆರಡು ಕೊರಡು ತುರುಕುವುದೇ ನಾವೆಲ್ಲರೂ ಕಲಿತಿರುವ ಉಪಾಯ. ಸೌದೆ ಸುಲಭವಾಗಿ ಸಿಕ್ಕುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತೋ ಏನೋ. ಈಗ ಗೋಮಾಳದಲ್ಲಿ ಪುಳ್ಳೆ ಆಯುವುದಕ್ಕೂ ದೂರ ನಡೆಯಬೇಕು. ಕೊಂಡು ತರುವುದಾದರೆ ಬೆಲೆಯ ಮಾತು ನಿಮಗೇ ತಿಳಿದಿದೆ. ಹಂಡೆಯನ್ನು ಬದಲಾಯಿಸದೆ, ಸೌದೆಯನ್ನೂ ಹೆಚ್ಚಿಸದೆ ಅದೇ ನೀರು ಮನೆಮಂದಿಗೆಲ್ಲ ಬರುವಂತೆ ಮಾಡಬಹುದು. ಕೃಷಿ ಡಿಪ್ಲೊಮಾ ಓದುವಾಗ ನನಗೆ ಬಿತ್ತನೆ ಬೀಜ, ಗೊಬ್ಬರ, ಕೀಟಗಳ ವಿಷಯ ಕಲಿಸಿದರೇ ಹೊರತು ಬಚ್ಚಲ ಹಂಡೆಯ ವಿಷಯ ಯಾರೂ ಕಲಿಸಲಿಲ್ಲ. ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ಪುಸ್ತಕದ ಲೆಕ್ಕ, ಉಳಿದದ್ದು ನಿಮ್ಮ ಮನೆಗಳ ಹೆಣ್ಣುಮಕ್ಕಳಿಂದ ಕಲಿತದ್ದು.

ತೀರುವುದು ನೀರಲ್ಲ, ಶಾಖ

ಮೊದಲು ಒಂದು ಲೆಕ್ಕವನ್ನು ಗಮನಿಸಿರಿ. ಹಂಡೆಯಲ್ಲಿ 60 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. 15 ಲೀಟರಿನ ಬಿಂದಿಗೆಯಲ್ಲಿ ನಾಲ್ಕು ಬಿಂದಿಗೆ. ಅದನ್ನು 60 ಡಿಗ್ರಿಯವರೆಗೆ ಕಾಯಿಸಿದ್ದೀರಿ. ಇದು ಕೈ ಅದ್ದಲಾರದಷ್ಟು ಬಿಸಿ. ಚಳಿಗಾಲದ ಬೆಳಿಗ್ಗೆ ತೊಟ್ಟಿಯ ತಣ್ಣೀರು 20 ಡಿಗ್ರಿ ಇರುತ್ತದೆ ಎನ್ನೋಣ. ಮೈಗೆ ಹಿತವಾದ ಬಿಸಿ ಸುಮಾರು 40 ಡಿಗ್ರಿ. ಹೀಗಿರುವಲ್ಲಿ ಬಿಸಿನೀರು ಅರ್ಧ, ತಣ್ಣೀರು ಅರ್ಧ ಬೆರೆಸಿದರೆ ಸ್ನಾನದ ನೀರು ಸಿದ್ಧ. 20 ಲೀಟರಿನ ಒಂದು ಬಕೆಟ್ಟಿಗೆ ಹಂಡೆಯಿಂದ 10 ಲೀಟರ್, ತೊಟ್ಟಿಯಿಂದ 10 ಲೀಟರ್. ಆದುದರಿಂದ ಒಂದು ಹಂಡೆ ನೀರಿನಲ್ಲಿ ಆರು ಜನರು ತಲಾ ಒಂದು ಬಕೆಟ್ಟಿನಂತೆ ಮೀಯಬಹುದು.

ಈಗ ಅದೇ ಹಂಡೆಯನ್ನು ಕಾಯಿಸಿ ಬಿಟ್ಟಿದ್ದೀರಿ. ಒಬ್ಬರು ಹಾಲು ಕರೆಯಲು ಹೋದರು, ಇನ್ನೊಬ್ಬರು ಮಾತಿಗೆ ನಿಂತರು, ಮಕ್ಕಳು ಏಳಲಿಲ್ಲ. ಅಷ್ಟರಲ್ಲಿ ನೀರು 60 ರಿಂದ 50 ಡಿಗ್ರಿಗೆ ಇಳಿಯಿತು. ಮುಟ್ಟಿ ನೋಡಿದರೆ ಇನ್ನೂ ಬಿಸಿಯಾಗಿಯೇ ಇದೆ, ಯಾರಿಗೂ ನಷ್ಟವಾದಂತೆ ತೋರುವುದಿಲ್ಲ. ಆದರೆ ಈಗ ಒಂದು ಬಕೆಟ್ಟಿಗೆ ಹಂಡೆಯಿಂದ 10 ಲೀಟರ್ ಸಾಲದು, 13 ಲೀಟರಿಗಿಂತ ಹೆಚ್ಚು ಬೇಕು. ಅದೇ ಹಂಡೆ ನಾಲ್ಕು ಜನರಿಗೆ ಪೂರ್ತಿ ಬಂದು, ಐದನೆಯವರಿಗೆ ಅರ್ಧ ಬಕೆಟ್ಟಾಗಿ, ಆರನೆಯವರಿಗೆ ಏನೂ ಉಳಿಯುವುದಿಲ್ಲ. ಹಂಡೆಯಿಂದ ಒಂದು ಚೊಂಬು ನೀರನ್ನೂ ಯಾರೂ ಕದಿಯಲಿಲ್ಲ, ಚೆಲ್ಲಲೂ ಇಲ್ಲ. ಹೋದದ್ದು ಶಾಖ.

ಇನ್ನೊಂದು ರೀತಿಯಲ್ಲಿಯೂ ಇದೇ ನಷ್ಟವಾಗುತ್ತದೆ. ಕೆಲವರಿಗೆ ಮೈ ಕೆಂಪಾಗುವಷ್ಟು ಬಿಸಿ ಇಲ್ಲದಿದ್ದರೆ ಮಿಂದಂತೆಯೇ ಅಲ್ಲ. 40 ರ ಬದಲು 45 ಡಿಗ್ರಿ ಬೇಕೆನ್ನುವವರಿಗೆ ಬಕೆಟ್ಟಿಗೆ ಹನ್ನೆರಡೂವರೆ ಲೀಟರ್ ಬಿಸಿನೀರು ಹೋಗುತ್ತದೆ. ಮೊದಲ ನಾಲ್ವರು ಹೀಗೆ ಮಿಂದರೆ 50 ಲೀಟರ್ ಖರ್ಚಾಗಿ ಹಂಡೆಯಲ್ಲಿ ಉಳಿಯುವುದು 10 ಲೀಟರ್, ಒಬ್ಬರ ಪಾಲು. ಆರನೆಯವರ ಸ್ನಾನವನ್ನು ನಾಲ್ವರೂ ಕೂಡಿ ಮಾಡಿಬಿಟ್ಟಂತಾಯಿತು. ಒಬ್ಬೊಬ್ಬರು ಹೆಚ್ಚಾಗಿ ತೆಗೆದುಕೊಂಡದ್ದು ಎರಡೂವರೆ ಲೀಟರ್ ಮಾತ್ರ; ಆದುದರಿಂದಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಚ್ಚಳವಿಲ್ಲದ ಹಂಡೆ

ಶಾಖ ಹೋಗುವ ದಾರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಂಡೆಯ ಬಾಯಿ. ಅಡಿಗೆಯ ಪಾತ್ರೆಗೆ ತಪ್ಪದೆ ಮುಚ್ಚಳ ಇಡುವ ಮನೆಗಳಲ್ಲಿಯೂ ಬಚ್ಚಲ ಹಂಡೆ ಬಾಯಿ ತೆರೆದುಕೊಂಡೇ ಇರುತ್ತದೆ. ಬಚ್ಚಲೆಲ್ಲ ಹಬೆ ತುಂಬಿದರೆ ನೀರು ಚೆನ್ನಾಗಿ ಕಾಯುತ್ತಿದೆ ಎಂದು ನಾವು ಸಂತೋಷಪಡುತ್ತೇವೆ. ನಿಜವಾಗಿ ಅದು ನಮ್ಮ ಸೌದೆಯೇ ಗವಾಕ್ಷಿಯಿಂದ ಹೊರಗೆ ಹೋಗುತ್ತಿರುವುದು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖವನ್ನು ಒಂದು ಅಳತೆ ಎಂದು ಕರೆಯೋಣ. ಪುಸ್ತಕಗಳಲ್ಲಿ ಇದಕ್ಕೆ ಕಿಲೋಕ್ಯಾಲೊರಿ ಎಂದು ಹೆಸರು. ಒಂದು ಲೀಟರ್ ಬಿಸಿನೀರು ಆವಿಯಾಗಿ ಹಾರಿಹೋಗುವಾಗ ತನ್ನೊಡನೆ ಸುಮಾರು 570 ಅಳತೆ ಶಾಖವನ್ನು ಕೊಂಡೊಯ್ಯುತ್ತದೆ. 60 ಲೀಟರಿನ ಹಂಡೆ 10 ಡಿಗ್ರಿ ಇಳಿಯಬೇಕಾದರೆ 600 ಅಳತೆ ಹೋಗಬೇಕು. ಅಂದರೆ ದೊಡ್ಡದೊಂದು ಚೊಂಬಿನಷ್ಟು ನೀರು ಹಬೆಯಾಗಿ ಹೋಯಿತೆಂದರೆ ಇಡೀ ಹಂಡೆ ಹೆಚ್ಚುಕಡಿಮೆ 10 ಡಿಗ್ರಿ ತಣ್ಣಗಾಯಿತು. ಆ 10 ಡಿಗ್ರಿಯ ಬೆಲೆ ಎಷ್ಟು ಬಕೆಟ್ಟು ಎಂಬುದನ್ನು ಮೇಲೆ ನೋಡಿದ್ದೀರಿ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಲು ನಾನು ಒಂದು ಊರಿನ ಚಾವಡಿಯಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೆನು. ಎರಡು ಪಾತ್ರೆಗಳಲ್ಲಿ ಒಂದೇ ಹಂಡೆಯ ಬಿಸಿನೀರು ತುಂಬಿ, ಒಂದನ್ನು ಮುಚ್ಚಿ, ಒಂದನ್ನು ತೆರೆದಿಟ್ಟು, ಮಾತು ಮುಗಿದ ಮೇಲೆ ಮುಟ್ಟಿ ನೋಡಿರೆಂದೆನು. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಇದ್ದವು! ನಾನು ಪೆಚ್ಚಾದೆನು. ಹಿಂದೆ ಕುಳಿತಿದ್ದ ವೃದ್ಧರೊಬ್ಬರು, ‘ಸ್ವಾಮಿ, ಮುಚ್ಚಿದ್ದು ತೆಳ್ಳನೆಯ ಅಲ್ಯೂಮಿನಿಯಂ ಪಾತ್ರೆ, ತೆರೆದಿಟ್ಟದ್ದು ದಪ್ಪನೆಯ ಮಣ್ಣಿನ ಗುಡಾಣ. ಇದು ಯಾವ ನ್ಯಾಯ?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆನು. ಮರುವಾರ ಒಂದೇ ಅಂಗಡಿಯ ಒಂದೇ ಅಳತೆಯ ಎರಡು ಬಕೆಟ್ಟು ತೆಗೆದುಕೊಂಡು ಹೋಗಿ ಅದನ್ನೇ ಮತ್ತೆ ಮಾಡಿದೆನು. ಒಂದು ಗಂಟೆ ಕಳೆದ ಮೇಲೆ ಶಾಲೆಯ ಮಕ್ಕಳು ಕಣ್ಣು ಮುಚ್ಚಿಕೊಂಡು ಎರಡರಲ್ಲೂ ಕೈ ಅದ್ದಿ, ಯಾವುದು ಮುಚ್ಚಿದ್ದ ಬಕೆಟ್ಟೆಂಬುದನ್ನು ಒಬ್ಬರೂ ತಪ್ಪದೆ ಹೇಳಿದರು. ನೀವು ಮನೆಯಲ್ಲಿ ಮಾಡಿ ನೋಡುವುದಾದರೆ ಆ ವೃದ್ಧರ ಮಾತನ್ನು ಮರೆಯಬೇಡಿರಿ.

ಮುಚ್ಚಳಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಹಂಡೆಯ ಬಾಯಿಗಿಂತ ಸ್ವಲ್ಪ ಅಗಲವಾದ ಹಳೆಯ ಹಲಗೆ ಸಾಕು. ಅದನ್ನು ನಡುವೆ ಕೊಯ್ದು ಎರಡು ಅರ್ಧಚಂದ್ರಗಳನ್ನಾಗಿ ಮಾಡಿಕೊಳ್ಳುವುದು ಒಳ್ಳೆಯದು. ನೀರು ತೋಡುವಾಗ ಒಂದು ಅರ್ಧವನ್ನು ಮಾತ್ರ ಸರಿಸಿದರಾಯಿತು. ಇಡೀ ಮುಚ್ಚಳವಾದರೆ ಒಂದು ಸಲ ತೆಗೆದದ್ದನ್ನು ಮತ್ತೆ ಯಾರೂ ಇಡುವುದಿಲ್ಲ. ಇದನ್ನು ನನಗೆ ಕಲಿಸಿದವರು ಒಬ್ಬ ತಾಯಿ, ನನಗೆ ಹೊಳೆದಿರಲಿಲ್ಲ. ಹೂತ ಹಂಡೆಯಾಗಿದ್ದು ಉರಿ ಮೇಲಕ್ಕೆ ಬಾರದಂತಿದ್ದರೆ, ಹಲಗೆಯ ಮೇಲೆ ಮಡಿಸಿದ ಗೋಣಿಚೀಲವನ್ನು ಹಾಕಬಹುದು. ಉರಿಯ ನಾಲಗೆ ಹಂಡೆಯ ಪಕ್ಕಕ್ಕೆ ಏರುವ ಒಲೆಗಳಲ್ಲಿ ಗೋಣಿ ಬೇಡ, ಬೆಂಕಿ ಹತ್ತೀತು.

ಕಾಯಿಸುವ ಹೊತ್ತು, ತುಂಬುವ ಹೊತ್ತು

ನೀರು ಹೆಚ್ಚು ಬಿಸಿಯಾದಷ್ಟೂ ಬೇಗ ಬೇಗ ಆರುತ್ತದೆ. ಕುದಿಯುವ ನೀರಿನಿಂದ ಒಂದು ನಿಮಿಷದಲ್ಲಿ ಹೋಗುವ ಶಾಖ ಹದವಾಗಿ ಕಾದ ನೀರಿನಿಂದ ಬಹಳ ಹೊತ್ತಾದರೂ ಹೋಗುವುದಿಲ್ಲ. ಆದ್ದರಿಂದ ‘ಚೆನ್ನಾಗಿ ಕುದಿಸಿಟ್ಟರೆ ಎಲ್ಲರಿಗೂ ಬರುತ್ತದೆ’ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಕುದಿಸಿ ಇಡುವುದಕ್ಕಿಂತ, ಕಾದ ಕೂಡಲೇ ಒಬ್ಬರ ಹಿಂದೆ ಒಬ್ಬರು ಮಿಂದು ಮುಗಿಸುವುದು ಮೇಲು. ಮನೆಯವರು ಏಳುವ ಹೊತ್ತು ನೋಡಿಕೊಂಡು ಉರಿ ಹಾಕಬೇಕೇ ಹೊರತು ಉರಿ ಹಾಕಿ ಮನೆಯವರನ್ನು ಕಾಯಬಾರದು. ಭಾನುವಾರ ಎಣ್ಣೆ ನೀರಿನ ದಿನವಂತೂ ಈ ತಪ್ಪು ಎಲ್ಲ ಮನೆಗಳಲ್ಲಿಯೂ ಆಗುತ್ತದೆ. ಮೊದಲು ಹಂಡೆಗೆ ಉರಿ, ಆಮೇಲೆ ತಲೆಗೆ ಎಣ್ಣೆ. ಎಣ್ಣೆ ಹೀರಲು ಒಂದು ಗಂಟೆ ಬೇಕು, ಹಂಡೆ ಕಾಯಲು ಅಷ್ಟು ಬೇಡ. ಮೊದಲು ಎಣ್ಣೆ ಒತ್ತಿಕೊಂಡು, ಬಳಿಕ ಒಲೆ ಹಚ್ಚಿದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ.

ಇನ್ನು ಮರುನೀರು ತುಂಬುವ ವಿಷಯ. ಪ್ರತಿಯೊಬ್ಬರೂ ಮಿಂದಾದ ಮೇಲೆ ತಾವು ಖರ್ಚು ಮಾಡಿದಷ್ಟು ತಣ್ಣೀರನ್ನು ಹಂಡೆಗೆ ಸುರಿದು ಬರುವ ಪದ್ಧತಿ ಹಲವು ಮನೆಗಳಲ್ಲಿದೆ. ಮುಂದಿನವರಿಗೆ ಉಪಕಾರವೆಂದು ಮಾಡುವ ಕೆಲಸ ಇದು. ಉರಿ ಜೋರಾಗಿರುವಾಗ ಇದರಿಂದ ಉಪಕಾರವೂ ಉಂಟು. ತಣ್ಣೀರು ಉರಿಯ ಶಾಖವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಉರಿ ಆರಿ ಬೂದಿಯಾದ ಮೇಲೆ ಸುರಿದರೆ ಹಂಡೆ ತುಂಬಿದಂತೆ ಕಂಡರೂ ಉಳಿದವರಿಗೆಲ್ಲ ಉಗುರುಬೆಚ್ಚನೆಯ ನೀರೇ ಗತಿ. ಅದನ್ನು ಮತ್ತೆ ಕಾಯಿಸಲು ಮತ್ತೆ ಸೌದೆ. ಆದುದರಿಂದ ಒಲೆಯಲ್ಲಿ ಉರಿ ಇದ್ದರೆ ಹಂಡೆಗೆ ತುಂಬಿರಿ, ಇಲ್ಲವಾದರೆ ತಣ್ಣೀರನ್ನು ಬಕೆಟ್ಟಿನಲ್ಲಿಯೇ ಬೆರೆಸಿಕೊಳ್ಳಿರಿ. ಕೊನೆಯವರ ಸ್ನಾನ ಮುಗಿದ ಮೇಲೆ ಒಲೆಯಲ್ಲಿ ಕೆಂಡವಿದ್ದರೆ ಎರಡು ಬಿಂದಿಗೆ ನೀರು ಹಾಕಿ ಮುಚ್ಚಿಡಿರಿ. ಪಾತ್ರೆ ತೊಳೆಯುವುದಕ್ಕೆ, ಹಾಲಿನ ಕ್ಯಾನು ತೊಳೆಯುವುದಕ್ಕೆ ಬೆಚ್ಚನೆಯ ನೀರು ಪುಕ್ಕಟೆಯಾಗಿ ದೊರೆಯುತ್ತದೆ. ಬರಿದಾದ ಹಂಡೆಯ ಕೆಳಗೆ ಕೆಂಡ ಉಳಿಸುವುದರಿಂದ ಹಂಡೆಯ ಬೆಸುಗೆಗೂ ಕೇಡು.

ಹಿತ್ತಿಲಲ್ಲಿ ಕೊಳವೆಬಾವಿ ಇರುವವರಿಗೆ ಇನ್ನೊಂದು ಅನುಕೂಲವಿದೆ. ಮಾಳಿಗೆಯ ಮೇಲಿನ ಸಿಂಟೆಕ್ಸ್ ತೊಟ್ಟಿಯಲ್ಲಿ ರಾತ್ರಿಯೆಲ್ಲ ಚಳಿಗೆ ನಿಂತ ನೀರು 20 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದಿರುತ್ತದೆ. ಭೂಮಿಯ ಆಳದಿಂದ ಆಗ ತಾನೇ ಮೇಲೆ ಬಂದ ನೀರು ಮಾಗಿಯಲ್ಲಿಯೂ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮುಂಜಾನೆ ಬಾವಿಯ ನೀರಿನಿಂದ ಹಬೆ ಏಳುವುದನ್ನು ನೀವೇ ನೋಡಿದ್ದೀರಿ. 20 ಡಿಗ್ರಿಯ ಬದಲು 25 ಡಿಗ್ರಿಯ ನೀರನ್ನು ಬೆರೆಸಿಕೊಂಡರೆ ಮೇಲೆ ಹೇಳಿದ ಹಂಡೆಯೇ ಆರರ ಬದಲು ಏಳು ಬಕೆಟ್ಟು ಬರುತ್ತದೆ. ಕಾಯಿಸುವ ನೀರೂ ಅದೇ ಆದರೆ ಸೌದೆಯಲ್ಲಿಯೂ ಉಳಿತಾಯ.

ಒಲೆ, ಸೌದೆ, ಮಸಿ

ಆರು ಬಕೆಟ್ಟು ಸ್ನಾನದ ನೀರು, ಅಂದರೆ 120 ಲೀಟರ್ ನೀರು 20 ರಿಂದ 40 ಡಿಗ್ರಿಗೆ ಏರಲು 2400 ಅಳತೆ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3500 ಅಳತೆ ಶಾಖವಿದೆ. ಲೆಕ್ಕದ ಪ್ರಕಾರ ಮುಕ್ಕಾಲು ಕಿಲೋ ಸೌದೆಯೂ ಬೇಕಾಗಿಲ್ಲ! ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ಉರಿಯುವ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ನೀರಿಗೆ ಸೇರುತ್ತದೆ. ಉಳಿದ ಒಂಬತ್ತು ಪಾಲು ಗೋಡೆಗೆ, ಗಾಳಿಗೆ, ಹೊಗೆಗೆ ಹೋಗುತ್ತದೆ. ಆದ್ದರಿಂದ ಮುಕ್ಕಾಲು ಕಿಲೋ ಇರುವಲ್ಲಿ ದಿನಕ್ಕೆ ಏಳು ಕಿಲೋ ಸುಡುತ್ತೇವೆ. ವರ್ಷಕ್ಕೆ ಎರಡೂವರೆ ಟನ್. ಇಷ್ಟೂ ಒಬ್ಬಳ ತಲೆಯ ಮೇಲೆ ಬಂದದ್ದೆಂದು ನೆನೆಯಿರಿ. ಹತ್ತರಲ್ಲಿ ಎರಡು ಪಾಲು ನೀರಿಗೆ ಸೇರುವಂತೆ ಒಲೆಯನ್ನು ತಿದ್ದಿದರೆ ಆ ಹೊರೆಯಲ್ಲಿ ಅರ್ಧ ಇಳಿಯುತ್ತದೆ.

ತಿದ್ದುವುದು ಕಷ್ಟವೇನಲ್ಲ. ಹಂಡೆಯ ಸುತ್ತ ಮೂರು ಕಡೆ ಮಣ್ಣಿನ ಗೋಡೆ ಏಳಿಸಿ, ಗೋಡೆಗೂ ಹಂಡೆಗೂ ನಡುವೆ ಒಂದು ಬೆರಳಿನಷ್ಟು ಮಾತ್ರ ಸಂದು ಬಿಡಿರಿ. ಉರಿ ಆ ಸಂದಿನಲ್ಲಿ ಹಂಡೆಯ ಮೈಗೆ ಅಂಟಿಕೊಂಡು ಮೇಲೇರುತ್ತದೆ. ಸಂದು ಅಗಲವಾದರೆ ಉರಿ ಹಂಡೆಯನ್ನು ಮುಟ್ಟದೆಯೇ ಹೋಗಿಬಿಡುತ್ತದೆ. ತೀರ ಕಿರಿದಾದರೆ ಹೊಗೆ ಹಿಂದಕ್ಕೆ ಬರುತ್ತದೆ. ಮಣ್ಣಿಗೆ ಭತ್ತದ ಹೊಟ್ಟು ಅಥವಾ ಕೊಚ್ಚಿದ ಹುಲ್ಲನ್ನು ಸೇರಿಸಿದರೆ ಗೋಡೆ ಬಿರಿಯುವುದಿಲ್ಲ, ಶಾಖವನ್ನೂ ಹಿಡಿಯುತ್ತದೆ. ಸೌದೆ ನೆಲದ ಮೇಲೆ ಬೂದಿಯಲ್ಲಿ ಹೂತುಕೊಳ್ಳದಂತೆ ಕೆಳಗೆ ನಾಲ್ಕು ಕಬ್ಬಿಣದ ಸರಳುಗಳನ್ನು ಇಡಿರಿ. ಅಡಿಯಿಂದ ಗಾಳಿ ಆಡಿದರೆ ಊದುಗೊಳವೆಯ ಕೆಲಸ ಕಡಿಮೆಯಾಗುತ್ತದೆ.

ಒಲೆಯ ವಿಷಯ ಹೇಳುವಾಗ ನಮ್ಮ ನಾಡಿನಲ್ಲಿಯೇ ನಡೆದ ಒಂದು ಕೆಲಸವನ್ನು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗಳಿಗೆ ಒದಗಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಅವರು ಹಳ್ಳಿಯ ಮನೆಗಳ ಸೌದೆಯ ಖರ್ಚನ್ನು ಕಣ್ಣಾರೆ ಕಂಡರು. ಅಲ್ಲಿಂದ ಬಂದದ್ದೇ ಹೊಗೆಗೊಳವೆ ಇರುವ ಅಸ್ತ್ರ ಒಲೆ. ನಿಮ್ಮ ಊರುಗಳಲ್ಲಿ ಕೆಲವರ ಅಡಿಗೆಮನೆಯಲ್ಲಿ ಅದು ಇನ್ನೂ ಇರಬಹುದು. ಉರಿಗೆ ಸರಿಯಾದ ಗೂಡು, ಅಡಿಯಲ್ಲಿ ಸರಳು, ಹೊಗೆಗೆ ದಾರಿ, ಪಾತ್ರೆಗೆ ಅಂಟಿದ ಉರಿ: ಅದರ ತತ್ವ ಇಷ್ಟೇ. ಇದೇ ತತ್ವವನ್ನು ಬಚ್ಚಲೊಲೆಗೂ ಅನ್ವಯಿಸಬಹುದು.

ಸೌದೆ ಒಣಗಿರಲೇಬೇಕು. ಆಗ ತಾನೇ ಕಡಿದ ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿಮಾಡುವುದಕ್ಕೇ ಉರಿಯ ಒಂದು ಪಾಲು ಖರ್ಚು. ನಿಮ್ಮ ಹಂಡೆಯ ನೀರು ಕಾಯುವ ಮೊದಲು ಸೌದೆಯೊಳಗಿನ ನೀರು ಕಾಯಬೇಕು. ತೊಗರಿ ಕಡ್ಡಿ, ತೆಂಗಿನ ಮಟ್ಟೆ, ಕರಟ, ಸೋಗೆ ಇವನ್ನೆಲ್ಲ ಮಳೆಗಾಲಕ್ಕೆ ಮುಂಚೆ ಸೂರಿನಡಿ ಸೇರಿಸಿರಿ. ದಪ್ಪ ಕೊರಡನ್ನು ಸೀಳಿ ಹಾಕಿರಿ. ಉರಿ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಸೈಕಲ್ ಟೈರಿನ ತುಂಡು ಹಾಕುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ. ಅದರ ಹೊಗೆ ವಿಷ. ಅದನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕುಳಿತವಳು.

ಹಂಡೆಯ ಹೊರಗಿನ ತೆಳುವಾದ ಕಪ್ಪಿನಿಂದ ಕೆಡುಕೇನಿಲ್ಲ. ಆದರೆ ಉಗುರಿನಿಂದ ಕೆರೆದರೆ ಹೊಪ್ಪಳೆಯಾಗಿ ಉದುರುವಷ್ಟು ಮಸಿ ಕಟ್ಟಿದ್ದರೆ ಅದು ಹಂಡೆಗೆ ಕಂಬಳಿ ಹೊದಿಸಿದಂತೆ. ಉರಿಯ ಶಾಖ ಒಳಗೆ ಇಳಿಯದು. ಒಳಗಡೆ ಕೊಳವೆಬಾವಿಯ ಗಡಸು ನೀರಿನಿಂದ ಕಟ್ಟುವ ಬಿಳಿಯ ಪೊರೆಯೂ ಅಷ್ಟೇ. ಹೊರಗಿನದನ್ನು ಬೂದಿ, ತೆಂಗಿನ ನಾರಿನಿಂದ ಉಜ್ಜಿರಿ. ಒಳಗಿನದಕ್ಕೆ ಹುಣಸೆಹಣ್ಣಿನ ನೀರು ಹಾಕಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಉಜ್ಜಿ ತೆಗೆಯಿರಿ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ನಾವು ಹಂಡೆಯನ್ನು ಫಳಫಳ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡ್ಲೆಕಾಯಿ ಬಳ್ಳಿಯನ್ನು ಸುತ್ತಿ ಪೂಜೆ ಮಾಡುತ್ತೇವೆ. ಮರುದಿನದ ಎಣ್ಣೆಸ್ನಾನಕ್ಕೆ ನೀರು ಬೇಗ ಕಾಯುವುದನ್ನು ಗಮನಿಸಿ ನೋಡಿರಿ. ಹಬ್ಬದ ಮಹಿಮೆಯ ಜೊತೆಗೆ ಬೆಳಗಿದ ಹಂಡೆಯ ಮಹಿಮೆಯೂ ಅದರಲ್ಲಿ ಸೇರಿದೆ. ಹಬ್ಬಕ್ಕೊಮ್ಮೆ ಮಾಡುವುದನ್ನು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಬಚ್ಚಲಿನೊಳಗೆ

ಸ್ನಾನ ಮಾಡುವುದನ್ನು ಹೇಳಿಕೊಡಲು ಇವನಾರು ಎಂದು ನೀವು ನಗಬಹುದು. ನಲ್ಲಿಯ ಕೆಳಗೆ ಅಥವಾ ಶವರಿನಡಿ ಮೀಯುವ ಮನೆಗಳಿಗೆ ಮಾತ್ರ ಒಂದು ಮಾತು: ಮೈ ನೆನೆಸಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ ಉಜ್ಜಿಕೊಂಡು, ಆಮೇಲೆ ನಲ್ಲಿ ತಿರುಗಿಸಿರಿ. ಸೋಪು ಹಚ್ಚುವಷ್ಟು ಹೊತ್ತು ಹರಿದ ಬಿಸಿನೀರು ಯಾರ ಮೈಗೂ ತಾಗದೆ ಮೋರಿಗೆ ಹೋದದ್ದು. ಚೊಂಬಿನಲ್ಲಿ ಮೀಯುವವರು ಈ ವಿಷಯದಲ್ಲಿ ಮೊದಲಿನಿಂದಲೂ ಜಾಣರು. ಆದರೆ ಅವರು ಬೆರೆಸುವ ಕ್ರಮದಲ್ಲಿ ತಪ್ಪುತ್ತಾರೆ. ಬಕೆಟ್ಟಿಗೆ ಮೊದಲು ಬಿಸಿನೀರು ತುಂಬಿಕೊಂಡು, ಕೈಸುಟ್ಟು, ತಣ್ಣೀರು ಹಾಕಿ, ಹೆಚ್ಚಾಯಿತೆಂದು ಮತ್ತೆ ಬಿಸಿನೀರು ಹಾಕಿ, ಕೊನೆಗೆ ಒಂದೂವರೆ ಬಕೆಟ್ಟು ಮಾಡಿಕೊಳ್ಳುತ್ತಾರೆ. ತಣ್ಣೀರನ್ನು ಮೊದಲು ಅರ್ಧಕ್ಕೆ ತೆಗೆದುಕೊಂಡು, ಮೇಲೆ ಬಿಸಿನೀರನ್ನು ಚೊಂಬು ಚೊಂಬಾಗಿ ಬೆರೆಸಿಕೊಳ್ಳುವುದು ಸರಿಯಾದ ಕ್ರಮ. ಸಣ್ಣ ಮಕ್ಕಳು ಸುಟ್ಟುಕೊಳ್ಳುವ ಅಪಾಯವೂ ಇದರಿಂದ ತಪ್ಪುತ್ತದೆ. ಎಣ್ಣೆಸ್ನಾನದಲ್ಲಿ ಮೈಯ ಎಣ್ಣೆಯನ್ನು ನೀರು ಹಾಕುವ ಮೊದಲೇ ಕಡಲೆಹಿಟ್ಟಿನಿಂದ ಉಜ್ಜಿ ತೆಗೆದರೆ ಎರಡು ಮೂರು ಚೊಂಬು ಉಳಿಯುತ್ತದೆ.

ಇನ್ನು ಸರದಿ. ಇದು ಒಲೆಯ ಮಾತಲ್ಲ, ಮನೆಯ ಮಾತು, ಆದುದರಿಂದ ಸಂಕೋಚದಿಂದಲೇ ಬರೆಯುತ್ತೇನೆ. ಹಂಡೆಯಲ್ಲಿ ನೀರು ಎಷ್ಟಿದೆ ಎಂಬುದು ಮೊದಲು ಮೀಯುವವನಿಗೆ ಎಂದೂ ತಿಳಿಯುವುದಿಲ್ಲ. ಅವನು ನೋಡುವುದು ತುಂಬಿದ ಹಂಡೆಯನ್ನು. ಒಂದು ಮನೆಯಲ್ಲಿ ಯಜಮಾನರು ಈ ಲೆಕ್ಕವನ್ನೆಲ್ಲ ಕೇಳಿದ ಮೇಲೆ ನಗುತ್ತ, ‘ಹಾಗಾದರೆ ಒಂದು ವಾರ ನಾನೇ ಕೊನೆಗೆ ಮೀಯುತ್ತೇನೆ, ನೋಡೋಣ’ ಎಂದರು. ನಾನು ಮತ್ತೆ ಆ ಊರಿಗೆ ಹೋದಾಗ ಹಂಡೆಯ ಮೇಲೆ ಹಲಗೆಯ ಮುಚ್ಚಳ ಬಂದಿತ್ತು, ಒಲೆಗೆ ಹೊಸ ಮಣ್ಣು ಮೆತ್ತಿತ್ತು. ವಾರ ತುಂಬುವುದಕ್ಕೆ ಮೊದಲೇ ಇದೆಲ್ಲ ಆಯಿತೆಂದು ಮನೆಯಾಕೆ ಹೇಳಿದರು. ತಲೆಗೂದಲು ತೊಳೆಯಬೇಕಾದ ಹೆಣ್ಣುಮಕ್ಕಳು, ಬಾಣಂತಿಯರು, ಕೆಮ್ಮು ನೆಗಡಿಯಾದವರು ಮೊದಲು ಮೀಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಬಿಸಿಲು ಮತ್ತು ಕರೆಂಟು

ಬೇಸಿಗೆಯಲ್ಲಿ ತೋಟದ ಬಿಸಿಲಿಗೆ ಬಿದ್ದಿರುವ ಕಪ್ಪು ಪೈಪಿನಿಂದ ಮೊದಲು ಬರುವ ನೀರು ಕೈ ಸುಡುತ್ತದೆ. ಅದೇ ಬಿಸಿಲು ನಿಮ್ಮ ಸಂಜೆಯ ಸ್ನಾನಕ್ಕೆ ನೀರು ಕಾಯಿಸಬಲ್ಲದು. ಹೊಲದಿಂದ ಬಂದು ಸಂಜೆ ಮೀಯುವವರು ಹೊರಗೆ ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿ, ಮುಚ್ಚಿ, ಗಾಳಿ ಬೀಸದ ಗೋಡೆಯ ಪಕ್ಕದಲ್ಲಿ ದಿನವೆಲ್ಲ ಬಿಸಿಲಿಗೆ ಇಡಲಿ. ಹೊತ್ತು ಮುಳುಗುವ ಮೊದಲೇ ಮಿಂದುಬಿಡಬೇಕು. ರಾತ್ರಿಯವರೆಗೆ ಬಿಟ್ಟರೆ ಹಗಲು ಸಂಪಾದಿಸಿದ್ದೆಲ್ಲ ಹೋಗುತ್ತದೆ. ಕೀಟನಾಶಕ, ಕಳೆನಾಶಕ ಬಂದ ಡ್ರಮ್ಮು ಕ್ಯಾನುಗಳನ್ನು ಮಾತ್ರ ಎಷ್ಟು ಸಲ ತೊಳೆದಿದ್ದರೂ ಈ ಕೆಲಸಕ್ಕೆ ಉಪಯೋಗಿಸಲೇಬಾರದು.

ಸೌರ ಹೀಟರು ಹಾಕಿಸಿಕೊಂಡವರು ‘ಬೆಳಿಗ್ಗೆ ನೀರು ಬಿಸಿ ಬರುವುದಿಲ್ಲ’ ಎಂದು ದೂರುವುದುಂಟು. ಅನೇಕ ಸಲ ತಪ್ಪು ಹೀಟರಿನದಲ್ಲ, ಪೈಪಿನದು. ಅರ್ಧ ಇಂಚಿನ ಪೈಪಿನಲ್ಲಿ ಪ್ರತಿ ಐದಾರು ಮೀಟರಿಗೆ ಒಂದು ಲೀಟರ್ ನೀರು ನಿಂತಿರುತ್ತದೆ. ಮಾಳಿಗೆಯಿಂದ ಬಚ್ಚಲಿಗೆ 20 ಮೀಟರ್ ಪೈಪಿದ್ದರೆ ಪ್ರತಿ ಸಲ ಮೂರೂವರೆ ಲೀಟರ್ ತಣ್ಣೀರು ಹೊರಬಂದ ಮೇಲೆಯೇ ಬಿಸಿನೀರು. ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ಒಬ್ಬರ ಹಿಂದೆ ಒಬ್ಬರು ಮಿಂದರೆ ಈ ನಷ್ಟ ದಿನಕ್ಕೆ ಒಂದೇ ಸಲ. ಗಂಟೆಗೊಬ್ಬರಂತೆ ಹೋದರೆ ಪ್ರತಿಯೊಬ್ಬರಿಗೂ ಒಂದೊಂದು ಸಲ. ಮೊದಲು ಬರುವ ತಣ್ಣೀರನ್ನು ಮೋರಿಗೆ ಬಿಡದೆ ಬಕೆಟ್ಟಿನಲ್ಲಿ ಹಿಡಿದು ಬೆರೆಸಲು ಬಳಸಿರಿ. ಪೈಪಿನ ಮೇಲೆ ಸ್ಪಂಜಿನ ಕವಚ ಹಾಕಿಸಿರಿ.

ಕರೆಂಟಿನ ಕಾಯಿಲಿನಿಂದ ಒಂದು ಬಕೆಟ್ಟು ನೀರನ್ನು 20 ರಿಂದ 40 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ಟು ಸಾಕು. 1500 ವ್ಯಾಟಿನ ಕಾಯಿಲಿಗೆ ಅದು 20 ನಿಮಿಷದ ಕೆಲಸ. ಹಚ್ಚಿ ಮರೆತರೆ ಉಳಿದದ್ದೆಲ್ಲ ಹಬೆ. ಕರೆಂಟು ತೆಗೆಯದೆ, ಪ್ಲಗ್ಗನ್ನು ಕಿತ್ತಿಡದೆ ನೀರಿಗೆ ಕೈಹಾಕುವುದು ಪ್ರಾಣಕ್ಕೆ ಅಪಾಯ. ಲೋಹದ ಬಕೆಟ್ಟಾದರೆ ಬಕೆಟ್ಟನ್ನು ಮುಟ್ಟುವುದೂ ಅಪಾಯವೇ.

ಶಾಖ ಉಳಿಸುವ ಉತ್ಸಾಹದಲ್ಲಿ ಒಂದನ್ನು ಮಾತ್ರ ಮಾಡಬಾರದು: ಬಚ್ಚಲಿನ ಗವಾಕ್ಷಿಯನ್ನು ಮುಚ್ಚಬಾರದು. ಒಲೆ ಬಚ್ಚಲಿನೊಳಗೇ ಇದ್ದರೆ, ಹೊಗೆ ಕಾಣದಿದ್ದರೂ ಕೆಂಡದಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಏಳುತ್ತಿರುತ್ತದೆ. ಬಾಗಿಲು ಕಿಟಕಿ ಮುಚ್ಚಿ ಮಿಂದರೆ ಮೊದಲು ತಲೆ ಸುತ್ತು, ಆಮೇಲೆ ಎಚ್ಚರವೇ ಇರದು. ಗ್ಯಾಸ್ ಗೀಸರು ಇರುವ ಬಚ್ಚಲಿಗೂ ಇದೇ ಮಾತು. ಹೊಗೆಗೊಳವೆ ಇರುವ ಒಲೆಯಾದರೆ ಕೆಂಡ ಪೂರ್ತಿ ಆರಿದ ಮೇಲೆ ಒಲೆಯ ಬಾಯಿಗೆ ಒಂದು ತಗಡು ಅಡ್ಡವಿಡಿರಿ. ಇಲ್ಲವಾದರೆ ಕೊಳವೆ ತಣ್ಣನೆಯ ಗಾಳಿಯನ್ನು ಎಳೆದುಕೊಂಡು ಹಂಡೆಯ ತಳವನ್ನು ಆರಿಸುತ್ತಲೇ ಇರುತ್ತದೆ.

ನಿಮ್ಮ ಹಂಡೆಯ ಲೆಕ್ಕವನ್ನು ನೀವೇ ತೆಗೆಯಬಯಸಿದರೆ, ಮಣ್ಣಿನ ಬಿಸಿ ನೋಡುವ ಥರ್ಮಾಮೀಟರು ನನ್ನ ಚೀಲದಲ್ಲಿದೆ. ಜ್ವರ ನೋಡುವ ಥರ್ಮಾಮೀಟರನ್ನು ಹಂಡೆಗೆ ಅದ್ದಬೇಡಿರಿ, ಒಡೆದೀತು. ಒಂದು ದಿನ ಮುಚ್ಚಳವಿಲ್ಲದೆ, ಮರುದಿನ ಮುಚ್ಚಳವಿಟ್ಟು, ಎರಡು ದಿನವೂ ಅಷ್ಟೇ ಸೌದೆ ತೂಗಿ ಹಾಕಿ, ಕೊನೆಯವರು ಮೀಯುವ ಹೊತ್ತಿಗೆ ಹಂಡೆಯ ನೀರು ಎಷ್ಟು ಡಿಗ್ರಿ ಇತ್ತೆಂದು ಬರೆದಿಟ್ಟುಕೊಳ್ಳಿರಿ. ನಾನು ಊರಿಗೆ ಬಂದಾಗ ಹಿಂದಿನ ದಿನ ಹೇಳಿಕಳುಹಿಸಿದರೆ ಬೆಳಿಗ್ಗೆ ಆರು ಗಂಟೆಗೇ ಬರುತ್ತೇನೆ.